ಓಬವ್ವನ ಒನಕೆ ಎಲ್ಲಿದೆ?

ಹೋದ ಭಾನುವಾರ ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿರುವ ಕಾರ್ಫ್ ಕೋಟೆ ಕಡೆ ಹೋಗಿದ್ದೆವು. ಕೋಟೆಯೊಳಗೆ ಹೋಗದೆ ಪಕ್ಕದ ವೆಸ್ಟ್ ಹಿಲ್ ಹತ್ತಿದೆವು. ಗುಡ್ಡ ಚಿಕ್ಕದು, ಏರು ಮಾತ್ರ ಜಾಸ್ತಿ. ಮೈತುಂಬಾ ಹುಲ್ಲು, ಅಲ್ಲಲ್ಲಿ ಕುರಿಹಿಕ್ಕೆ. ಮೇಲೆ ನಿಂತರೆ ಎದುರಿಗೇ ಪಾಳುಕೋಟೆ. 1646ರಲ್ಲಿ ಗೆದ್ದವರು ಮದ್ದಿಟ್ಟು ಸಿಡಿಸಿದ್ದು. ಬುರುಜುಗಳು ಇವತ್ತಿಗೂ ಓರೆಯಾಗಿ ವಾಲಿಕೊಂಡೇ ನಿಂತಿವೆ.

ಜೊತೆಗೆ ಬಂದಿದ್ದ ಪಕ್ಕದ ಮನೆಯ ಅಜ್ಜಿ ನನ್ನ ಮಗಳಿಗೆ ಈ ಕೋಟೆಯ ಒಡತಿ ಲೇಡಿ ಬ್ಯಾಂಕ್ಸ್ ಕಥೆ ಹೇಳಿದರು. 1643ರಲ್ಲಿ ಗಂಡ ಊರಲ್ಲಿಲ್ಲದಾಗ, ರಾಜನ ವಿರುದ್ಧ ಎದ್ದಿದ್ದ ಪಾರ್ಲಿಮೆಂಟಿನ ಸೈನ್ಯ ಕೋಟೆ ಮುತ್ತಿತು. ಆಕೆ, ಹೆಣ್ಣುಮಕ್ಕಳು, ಮನೆಗೆಲಸದವರು ಸೇರಿ ಗೋಡೆ ಮೇಲಿಂದ ಕಲ್ಲು, ಕೆಂಡ ಸುರಿದರಂತೆ. ಎರಡನೇ ಸಲ ಒಳಗಿನವನೇ ಮೋಸ ಮಾಡಿದ, ಕೋಟೆ ಹೋಯಿತು. ಆದರೂ ಶತ್ರುಗಳೇ ಆಕೆಯ ಧೈರ್ಯ ಮೆಚ್ಚಿ ಕೋಟೆಯ ಬೀಗದಕೈಗಳನ್ನು ಆಕೆಗೇ ಬಿಟ್ಟರಂತೆ. ಅವು ಈಗಲೂ ಕಿಂಗ್‌ಸ್ಟನ್ ಲೇಸಿ ಬಂಗಲೆಯಲ್ಲಿವೆ.

ನಾನು ಚಿತ್ರದುರ್ಗದವಳು. ಸುಮ್ನೆ ಇರೋಕಾಗುತ್ತಾ? ಹೈದರಾಲಿಯ ಸೈನಿಕರು, ಕಿಂಡಿ, ಊಟಕ್ಕೆ ಕೂತ ಗಂಡ, ನೀರಿಗೆ ಬಂದ ಓಬವ್ವ, ಎಲ್ಲ ಹೇಳಿದೆ. ಅಜ್ಜಿ ಊರುಗೋಲನ್ನು ಎರಡೂ ಕೈಯಲ್ಲಿ ಹಿಡಿದು ನೆಲಕ್ಕೆ ಕುಟ್ಟಿ, ‘ಹೀಗಾ?’ ಅಂದರು. ಹೌದು, ಹಾಗೇ.

ಆಗ ಮಗಳು ಕೇಳಿದಳು: ‘ಅಮ್ಮ, ಬೀಗದಕೈ ಇಟ್ಟಿದ್ದಾರಲ್ಲ, ಓಬವ್ವನ ಒನಕೆ ಎಲ್ಲಿಟ್ಟಿದ್ದಾರೆ?’

ಓಬವ್ವನ ಹೆಸರಲ್ಲಿ ಸ್ಟೇಡಿಯಂ ಇದೆ, ಪ್ರತಿಮೆ ಇದೆ, ನವೆಂಬರ್ 11ಕ್ಕೆ ಜಯಂತಿ ಇದೆ. ಒನಕೆ? ಕಾವಲುಗಾರನ ಹೆಂಡತಿ ಕೈಲಿದ್ದ ಮರದ ತುಂಡನ್ನು ಯಾರು ಎತ್ತಿಡುತ್ತಾರೆ? ನಮ್ಮ ದುರ್ಗದ ಕೋಟೆಯ ಬಂಡೆಗಳ ಮೇಲೆ ಜನ ತಮ್ಮ ಹೆಸರು ಗೀಚಿದ್ದನ್ನು ಕಂಡು ಚಿಕ್ಕಂದಿನಲ್ಲೇ ನನ್ನ ಹೊಟ್ಟೆ ಉರಿದಿತ್ತು.

ಇಳಿಯುವಾಗ ನಮ್ಮಜ್ಜಿಯ ಒನಕೆ ಕಣ್ಣಮುಂದೆ ಬಂತು. ಅಡುಗೆಮನೆ ಬಾಗಿಲ ಹಿಂದೆ ನಿಂತಿರುತ್ತಿತ್ತು. ತುದಿಗೆ ಕಬ್ಬಿಣದ ಬಳೆ. ನಡುವೆ ಅಜ್ಜಿಯ ಕೈ ತಾಗಿ ತಾಗಿ ಒಂದು ಗೇಣಿನಷ್ಟು ಸವೆದು, ಎಣ್ಣೆ ಹಚ್ಚಿದ ಹಾಗೆ ಮಿರಿಮಿರಿ ಅನ್ನುತ್ತಿತ್ತು. ಅಲ್ಲಿ ಹಿಡಿದರೆ ನನ್ನ ಪುಟ್ಟ ಕೈಗೂ ಸರಿಯಾಗಿ ಸಿಗುತ್ತಿತ್ತು.

ರಾತ್ರಿ ಊರಿಗೆ ಫೋನ್ ಮಾಡಿದೆ.

‘ಅದಾ? ಮನೆ ರಿಪೇರಿ ಮಾಡಿಸುವಾಗ ಹಂಡೆ ಒಲೆಗೆ ಹಾಕಿದ್ವಿ ಕಣೇ’ ಅಂದಳು ಅಮ್ಮ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬಳೆ ಬೂದಿಯಲ್ಲಿ ಸಿಕ್ಕಿತ್ತು. ಅಟ್ಟದ ಮೇಲೆ ಎಲ್ಲೋ ಇರಬೇಕು, ನಾಳೆ ನೋಡ್ತೀನಿ’ ಅಂದಳು.