ತೂಗುದೀಪಕ್ಕೆ ಸಾಲದ ಲೆನ್ಸು

ಮಡಿಕೇರಿ, 2024 ಜುಲೈ 20, ಶನಿವಾರ

ಕೊಡಗಿನ ಮಳೆ ತಿಂಗಳು ಕಕ್ಕಡ ಈಗಷ್ಟೇ ಶುರು. ಮಳೆ ಬಿಟ್ಟಿಲ್ಲ, ಮಧ್ಯಾಹ್ನದಿಂದ ಕರೆಂಟೂ ಇಲ್ಲ. ಸುಮ್ನೆ ಕೂರಲಾಗದೆ ಕಳೆದ ಹುತ್ತರಿ ಹಬ್ಬದ ನೆಗೆಟಿವ್‌ಗಳನ್ನು ಕಿಟಕಿಗೆ ಹಿಡಿದು ನೋಡಿದೆ.

ನಾಪೋಕ್ಲು ಕಡೆ ಗೆಳೆಯನ ಕುಟುಂಬದ ಹಿರಿಮನೆ, ಐನ್‌ಮನೆ. ನಡುಮನೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ತೂಗುದೀಪ, ಮೂಲೆಯಲ್ಲೊಂದು ಮಂಕು ಬಲ್ಬು. ಚಾಪೆ ಮೇಲೆ ಕೂತು ನೆರೆ, ಅಂದರೆ ಹಬ್ಬದ ಎಲೆಕಟ್ಟು, ಕಟ್ಟುತ್ತಿದ್ದಾರೆ. ಹಿರಿಯರೊಬ್ಬರ ಮುಖ ಚೆನ್ನಾಗಿಯೇ ಬಂದಿದೆ. ಆದರೆ ಎಲೆ ಸೇರಿಸಿ ನಾರು ಬಿಗಿಯುವ ಕೈ ಇರಬೇಕಾದ ಕಡೆ ಬರೀ ಹೊಗೆ. 400 ಸ್ಪೀಡಿನ ಫಿಲ್ಮು, ಲೆನ್ಸಿನ ಬಾಯಿ ಎಫ್ 2.5 (ಈ ಅಂಕಿ ಚಿಕ್ಕದಾದಷ್ಟೂ ಬೆಳಕು ಜಾಸ್ತಿ), ಶಟರ್ 1/8 ಸೆಕೆಂಡು. ನನ್ನದು ಲೆನ್ಸಿನ ಮೂಲಕವಲ್ಲದೆ ಬೇರೆ ಕಿಂಡಿಯಿಂದ ನೋಡಿ ಫೋಕಸ್ ಮಾಡುವ ರೇಂಜ್‌ಫೈಂಡರ್ ಕ್ಯಾಮೆರಾ, ಅದರಲ್ಲಿ ಕನ್ನಡಿ ಎಗರುವುದಿಲ್ಲ, ಹಾಗಾಗಿ 1/8ಕ್ಕೂ ನನ್ನ ಕೈ ನಿಲ್ಲುತ್ತದೆ. ಅವರ ಕೈ ನಿಲ್ಲಬೇಕಲ್ಲ! ಫ್ಲ್ಯಾಶ್ ಹಾಕಿದರೆ ಆ ದೀಪ ಇದ್ದೂ ಇಲ್ಲದಂತೆ.

ಕ್ಯಾಮೆರಾ ಬೆಸ್ಸಾ ಆರ್2ಎ, ಮೇಲೆ ಕಲರ್ ಸ್ಕೋಪಾರ್ 35 ಎಂಎಂ. ಹಗಲಿಗೆ ಅಂಗೈಯಲ್ಲಿ ಅಡಗುವ ಚಂದದ ಲೆನ್ಸು. ರಾತ್ರಿಗೆ ಎಫ್ 1.4 ಬೇಕು. ಆಗ ಅದೇ ಬೆಳಕಿಗೆ 1/8 ಹೋಗಿ ಹತ್ತಿರಹತ್ತಿರ 1/30 ಸಿಗುತ್ತದೆ. ಲೈಕಾದ ಸುಮಿಲಕ್ಸ್ ಲೆನ್ಸಿನ ಮಾತು ಬೇಡ, ಆ ದುಡ್ಡಿಗೆ ಸ್ಕೂಟರೇ ಬರುತ್ತದೆ.

ಒಂದು ತಿಂಗಳಿಂದ ತಲೆಯಲ್ಲಿದ್ದದ್ದು ಸೆವೆನ್ ಆರ್ಟಿಸಾನ್ಸ್‌ನ 28 ಎಂಎಂ, ಎಫ್ 1.4 ಲೆನ್ಸು. ಜಾಸ್ತಿ ಅಗಲ, ಜಾಸ್ತಿ ಬೆಳಕು. ಫೋಕಸ್ ಸರಿಯಾಗಿ ಕೂರದಿದ್ದರೆ ನಾವೇ ತಿದ್ದಿಕೊಳ್ಳಬಹುದು. ಆದರೆ ನನ್ನ ಬೆಸ್ಸಾದ ಫೈಂಡರ್ ಕಿಂಡಿಯೊಳಗೆ ಚೌಕಟ್ಟು ತೋರಿಸುವ ಗೆರೆಗಳು ಇರುವುದು 35, 50, 75, 90 ಎಂಎಂಗೆ ಮಾತ್ರ. 28 ಹಾಕಿದರೆ ಮೇಲೆ ಬೇರೆ ಫೈಂಡರ್ ಸಿಕ್ಕಿಸಬೇಕು. ಒಂದು ಕಿಂಡಿಯಲ್ಲಿ ಫೋಕಸ್, ಇನ್ನೊಂದರಲ್ಲಿ ಚೌಕಟ್ಟು. ಕಣ್ಣು ಅಲ್ಲಿಂದ ಇಲ್ಲಿಗೆ ಬರುವಷ್ಟರಲ್ಲಿ ನೆರೆ ಕಟ್ಟಿ ಮುಗಿದು ಎಲ್ಲರೂ ಗದ್ದೆ ದಾರಿ ಹಿಡಿದಿರುತ್ತಾರೆ. ಸಾಲದ್ದಕ್ಕೆ ಅರ್ಧ ಕೇಜಿ ಹತ್ತಿರದ ದಪ್ಪ ಲೆನ್ಸು, ಇರುವ ಫೈಂಡರಿನ ಒಂದು ಮೂಲೆಯನ್ನೂ ಮುಚ್ಚುತ್ತದೆ. ಬೆಳಕಿನ ಲೆಕ್ಕ ಹಾಕಿದ್ದೆ, ಕಿಂಡಿಯ ಲೆಕ್ಕ ಹಾಕಿರಲಿಲ್ಲ.

ಹಾಗಾಗಿ 35ರಲ್ಲೇ ಉಳಿದೆ. ಬೆಂಗಳೂರಿನ ಗೆಳೆಯನ ಹತ್ತಿರ ಫೋಕ್ಟ್‌ಲೆಂಡರ್ ನಾಕ್ಟನ್ 35, ಎಫ್ 1.4 ಇದೆ, ಹಳೇ ಮಾಡೆಲ್ಲು. ಸುಮಾರು 200 ಗ್ರಾಂ. 38 ಸಾವಿರ ಹೇಳಿದ್ದಾನೆ. ಅದಕ್ಕೊಂದು ಕೆಟ್ಟ ಹೆಸರಿದೆ: ಬಾಯಿ ಕಿರಿದು ಮಾಡಿ ಎಫ್ 2, 2.8ಕ್ಕೆ ಇಳಿಸಿದರೆ ಫೋಕಸ್ ಹಿಂದಕ್ಕೆ ಜಾರುತ್ತದೆ. ಲೆನ್ಸಿನ ಮೂಲಕವೇ ನೋಡುವ ಎಸ್‌ಎಲ್‌ಆರ್ ಕ್ಯಾಮೆರಾ ಆದರೆ ಕಣ್ಣಿಗೇ ಕಾಣಬಹುದು, ರೇಂಜ್‌ಫೈಂಡರ್‌ಗೆ ಇದರ ಸುಳಿವೇ ಸಿಗದು. ನನಗೆ ಚಿಂತೆಯಿಲ್ಲ. ನಾನದನ್ನು ಕೊಳ್ಳುವುದೇ ಎಫ್ 1.4ಕ್ಕಾಗಿ, ಹಗಲಿಗೆ ಸ್ಕೋಪಾರ್ ಇದೆ. ನಿಜವಾದ ಕಷ್ಟ ಬೇರೆ. ಒಂದೂವರೆ ಮೀಟರ್ ದೂರದಲ್ಲಿ 1.4ಕ್ಕೆ ಚೊಕ್ಕವಾಗಿ ಕಾಣುವ ಆಳ ಹದಿನೈದು ಸೆಂಟಿಮೀಟರು, ಒಂದು ಗೇಣೂ ಇಲ್ಲ. ಮುಖವೋ ಕೈಯೋ, ಯಾವುದೋ ಒಂದು. ಈ ಸಲ ಕೈ.

"ಎಸ್‌ಸಿನೋ ಎಂಸಿನೋ?" ಅಂತ ಕೇಳಿದೆ.

"ಎಂಸಿ ಗುರು, ಎಸ್‌ಸಿ ಆಗಿದ್ರೆ ನಿಂಗೆ ಕೊಡ್ತಾನೇ ಇರ್ಲಿಲ್ಲ" ಅಂದ. ಗಾಜಿಗೆ ಒಂದೇ ಪದರದ ಕೋಟಿಂಗ್ ಇರುವುದು ಎಸ್‌ಸಿ, ಹಲವು ಪದರದ್ದು ಎಂಸಿ. ಕೆಲವರಿಗೆ ಎಸ್‌ಸಿಯ ಮೆದು ಬಣ್ಣ ಇಷ್ಟ. ಆದರೆ ಚೌಕಟ್ಟಿನೊಳಗೇ ದೀಪ ನೇತಾಡುವಾಗ ನನಗೆ ಬೆಳಕು ಕಡಿಮೆ ಚೆದುರುವ ಎಂಸಿಯೇ ಸರಿ.

ಹಿಂದಿನಿಂದ ಟಾರ್ಚ್ ಬಿಟ್ಟು ಗಾಜಿನ ಫೋಟೋ ಕಳಿಸು ಅಂದಿದ್ದೇನೆ. ಜೇಡರ ಬಲೆಯಂಥ ಎಳೆ ಒಂದು ಕಂಡರೂ ಬೇಡ. ಇಲ್ಲಿ ಬೂಷ್ಟು ಹಿಡಿಸಿಕೊಳ್ಳಲು ಬೆಂಗಳೂರಿಂದ ತರಿಸಬೇಕಾಗಿಲ್ಲ, ನಮ್ಮನೆ ಚಪ್ಪಲಿ ಮೇಲೂ ಬೆಳೆದಿದೆ.

ಸಂಜೆ ಲೆನ್ಸಿನ ಡಬ್ಬಿಯಲ್ಲಿಟ್ಟ, ತೇವ ಹೀರುವ ಸಿಲಿಕಾ ಜೆಲ್ ನೋಡಿದರೆ ನೀಲಿ ಹೋಗಿ ಪೂರ್ತಿ ಗುಲಾಬಿ, ಅಂದರೆ ತೇವ ತುಂಬಿದೆ. ಒಣಗಿಸೋಣ ಅಂತ ಹುರಿಯಲು ಹೋದೆ.

"ಅದು ದೋಸೆ ಕಾವಲಿ ಕಣೋ!" ಅಂತ ಅಮ್ಮ ಕಸಿದುಕೊಂಡರು. ಹಳೇ ಬಾಣಲೆಯೊಂದನ್ನು ಕೊಟ್ಟಿದ್ದಾರೆ, ವಾಪಸ್ ತರಬೇಡ ಅಂತ ಹೇಳಿ.