“ಎಲ್ಲ ಬರೆದಿದೆಯಲ್ಲ ಸರ್!”

“ಅಮ್ಮಾ, ನಿಮಗೆ ಏನು ಬೇಕು ಎಂದು ಇದರಲ್ಲಿ ಎಲ್ಲಿದೆ?”

“ಎಲ್ಲ ಬರೆದಿದೆಯಲ್ಲ ಸರ್!”

ಸೋಮವಾರದಿಂದ ಈ ಎರಡು ಮಾತುಗಳು ನನ್ನ ತಲೆಯಿಂದ ಇಳಿಯುತ್ತಿಲ್ಲ. ಕೇಳಿದವರು ಬ್ಯಾಂಕಿನ ಅಧಿಕಾರಿ. ಉತ್ತರ ಕೊಟ್ಟವರು ನಮ್ಮ ಪಕ್ಕದ ಮನೆಯ ಅಕ್ಕ. ಕೊಡಗಿನ ಕಕ್ಕಡ ತಿಂಗಳ ಮಳೆಯಲ್ಲಿ ಒಬ್ಬರೇ ಸುಂಟಿಕೊಪ್ಪದ ಪೇಟೆಗೆ ಹೋಗುವುದು ಬೇಡವೆಂದು ನಾನೂ ಹೊರಟಿದ್ದೆ. ಅವರ ಗಂಡ ತೋಟವೊಂದರಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಆಗಿದ್ದವರು, ಈ ವರ್ಷ ತೀರಿಕೊಂಡರು. ಖಾತೆಯಲ್ಲಿ ಸ್ವಲ್ಪ ಹಣ ಉಳಿದಿತ್ತು. ಅದನ್ನು ಪಡೆಯಲು ಒಂದು ಅರ್ಜಿ ಬೇಕಿತ್ತು. ಅರ್ಜಿ ಎಂದರೆ ನಮ್ಮೂರಿನಲ್ಲಿ ಮೇಷ್ಟ್ರು. ನಿವೃತ್ತರಾಗಿ ಎಷ್ಟೋ ಕಾಲವಾದರೂ ಅವರ ಅಕ್ಷರ ಇಂದಿಗೂ ಅಚ್ಚಿನ ಅಕ್ಷರವೇ.

ಅರ್ಜಿ ಎರಡು ಪುಟವಿತ್ತು. ಅಧಿಕಾರಿ ಮೇಲಿನ ನಾಲ್ಕು ಸಾಲು ಓದಿದರು, ಕೆಳಗಿನ ಸಹಿ ನೋಡಿದರು, ಹಾಳೆ ತಿರುಗಿಸಿ ಬೆನ್ನು ನೋಡಿದರು. ಆಮೇಲೆ ಆ ಪ್ರಶ್ನೆ. ಬಯಲುಸೀಮೆಯಿಂದ ವರ್ಗವಾಗಿ ಬಂದ ಹುಡುಗ, ಒರಟನಲ್ಲ. ಅಕ್ಕನಿಗೆ ಕುರ್ಚಿ ತರಿಸಿಕೊಟ್ಟದ್ದೂ ಅವನೇ. ಕೇಳಿದ್ದು ಸರಿಯಾದ ಪ್ರಶ್ನೆಯೇ. ಆದರೆ ಸರದಿಯಲ್ಲಿ ನಿಂತವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ ಕೇಳಬೇಕಿರಲಿಲ್ಲ. ಅಕ್ಕನ ಮುಖ ಕೆಂಪಾಯಿತು. “ಎಲ್ಲ ಬರೆದಿದೆಯಲ್ಲ ಸರ್!” ಎಂದಾಗ ಅವರ ದನಿಯಲ್ಲಿ ಅಂಗಲಾಚಿಕೆ ಇರಲಿಲ್ಲ. ಇಷ್ಟು ದೊಡ್ಡ ಹುದ್ದೆಯವನಿಗೆ ಓದಲು ಬರುವುದಿಲ್ಲವೇ ಎಂಬ ಆಶ್ಚರ್ಯವಿತ್ತು.

ಹಾಳೆಯನ್ನು ನಾನು ತೆಗೆದುಕೊಂಡು ಓದಿದೆ. ನಿಜವಾಗಿಯೂ ಎಲ್ಲ ಇತ್ತು. ಚಿಕ್ಕ ವಯಸ್ಸಿನಲ್ಲಿ ಅವರು ತೋಟಕ್ಕೆ ಸೇರಿದ್ದು, ತೋಟದ ದೊರೆಗಳು ಬದಲಾದರೂ ಹಾಜರಿ-ಕೂಲಿಯ ಚೆಕ್‌ರೋಲ್ ಪುಸ್ತಕದಲ್ಲಿ ಒಂದು ತಪ್ಪೂ ಕಾಣಿಸದಂತೆ ನಡೆದುಕೊಂಡದ್ದು, ಮೈಸೂರಿನ ಆಸ್ಪತ್ರೆಗೆ ಕರೆದೊಯ್ದ ರಾತ್ರಿ ಮರ ಬಿದ್ದು ದಾರಿ ಮುಚ್ಚಿದ್ದು, ಯಾರ ಮನಸ್ಸನ್ನೂ ನೋಯಿಸದ ಜೀವ ಹೊರಟುಹೋದದ್ದು. ನಡುವೆ “ಅನಾಥೆಯಾದ ನಾನು” ಎಂದೂ ಬಂದಿತ್ತು. ಅಕ್ಕನಿಗೆ ಎದೆಯೆತ್ತರದ ಇಬ್ಬರು ಗಂಡುಮಕ್ಕಳಿದ್ದಾರೆ. ಅವರು ಇದನ್ನು ಓದಿದರೆ ಮೇಷ್ಟ್ರ ಮನೆಗೆ ಹೋಗಿ ಜಗಳವಾಡುವುದು ಖಂಡಿತ. ಕೊನೆಯಲ್ಲಿ “ತಾವು ದಯಾಪರರಾಗಿ ಯೋಗ್ಯ ಕ್ರಮ ಕೈಗೊಳ್ಳಬೇಕಾಗಿ ವಿನಂತಿ.” ಖಾತೆಯ ಸಂಖ್ಯೆ ಇಲ್ಲ. ತೀರಿಕೊಂಡ ದಿನಾಂಕವಿಲ್ಲ. ಹಣ ಎಂಬ ಮಾತೇ ಇಲ್ಲ. ಸಾವಿನ ಮನೆಯ ವಿಷಯದಲ್ಲಿ ದುಡ್ಡಿನ ಹೆಸರೆತ್ತುವುದು ಮೇಷ್ಟ್ರಿಗೆ ಸಂಕೋಚವಾಗಿರಬೇಕು.

ಅಲ್ಲೇ ಬೆಂಚಿನ ಮೇಲೆ ಕುಳಿತು ಬೇರೆ ಅರ್ಜಿ ಬರೆದೆ. ಮೇಲೆ ಯಾರಿಂದ, ಯಾರಿಗೆ. ವಿಷಯ: ಮೃತ ಖಾತೆದಾರರ ಉಳಿತಾಯ ಖಾತೆಯ ಹಣವನ್ನು ನಾಮಿನಿಗೆ ಪಾವತಿಸುವ ಬಗ್ಗೆ. ಇಂಥ ಸಂಖ್ಯೆಯ ಖಾತೆ ಹೊಂದಿದ್ದ ನನ್ನ ಪತಿ ಇಂಥ ದಿನಾಂಕದಂದು ನಿಧನರಾಗಿದ್ದಾರೆ. ಸದರಿ ಖಾತೆಗೆ ನಾನು ನಾಮಿನಿ. ಖಾತೆಯನ್ನು ಮುಕ್ತಾಯಗೊಳಿಸಿ ಅದರಲ್ಲಿರುವ ಹಣವನ್ನು ಇದೇ ಶಾಖೆಯ ನನ್ನ ಈ ಸಂಖ್ಯೆಯ ಖಾತೆಗೆ ಜಮಾ ಮಾಡಬೇಕೆಂದು ಕೋರುತ್ತೇನೆ. ಲಗತ್ತು: ಮರಣ ಪ್ರಮಾಣಪತ್ರ, ಪಾಸ್‌ಬುಕ್, ಆಧಾರ್ ಪ್ರತಿ. ಬ್ಯಾಂಕಿನವರದೇ ಒಂದು ನಮೂನೆ ಇತ್ತು, ಅದನ್ನೂ ತುಂಬಿಸಿದೆವು.

ಓದಿ ಹೇಳಿದಾಗ ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಇಷ್ಟೇಯಾ? ಅವರು ಹೋದದ್ದು ಒಂದು ಸಾಲೇ?” ಎಂದರು.

ನಾನು ಬ್ಯಾಂಕಿನ ನಿಯಮ ಹೇಳತೊಡಗಿದೆ, ಬೇರೇನು ಹೇಳಲಿ? ನಾಮಿನಿ ಇದ್ದರೆ ಉತ್ತರಾಧಿಕಾರ ಪ್ರಮಾಣಪತ್ರಕ್ಕೆಂದು ನ್ಯಾಯಾಲಯಕ್ಕೆ ಅಲೆಯಬೇಕಾಗಿಲ್ಲ. ದಾಖಲೆಗಳೆಲ್ಲ ಕೈಸೇರಿದ ಮೇಲೆ 15 ದಿನದೊಳಗೆ ಬ್ಯಾಂಕು ಇತ್ಯರ್ಥ ಮಾಡಬೇಕು. ಇದು ರಿಸರ್ವ್ ಬ್ಯಾಂಕಿನ ಸೂಚನೆ. ಅವರು ದಯಾಪರರಾಗಬೇಕಾಗಿಯೇ ಇಲ್ಲ, ನೀವು ಬಡವರೆಂದು ತೋರಿಸಿಕೊಳ್ಳಬೇಕಾಗಿಯೂ ಇಲ್ಲ, ನೂರು ಎಕರೆ ತೋಟದ ಯಜಮಾನಿಗೂ ಇದೇ ಕಾಗದ ಎಂದೆ. ನನ್ನ ಪಾಲಿಗೆ ಅದು ಧೈರ್ಯದ ಮಾತು. ಅಕ್ಕನಿಗೆ ಅದು ರುಚಿಸಿದಂತೆ ಕಾಣಲಿಲ್ಲ. “ಅವರೇ ಬರೆದಿದ್ದರೂ ಹೀಗೆಯೇ ಬರೆಯುತ್ತಿದ್ದರು ಬಿಡು” ಎಂದು ಸಹಿ ಹಾಕಿದರು. ಹೆಸರು, ಹಾಜರಿ, ಕೂಲಿ, ಆಳಿಗೊಂದು ಸಾಲು. ಅವರ ಗಂಡ ಬದುಕಿಡೀ ಬರೆದದ್ದೂ ಅದನ್ನೇ. ಮೇಷ್ಟ್ರ ಎರಡು ಪುಟಗಳನ್ನು ಮಾತ್ರ ಅಕ್ಕ ವಾಪಸು ಕೇಳಿ ಪಡೆದರು.

ಅರ್ಜಿಯ ಎರಡನೆಯ ಪ್ರತಿಗೆ ಸೀಲು, ದಿನಾಂಕ ಬೇಕೆಂದು ನಾನು ಹಠ ಹಿಡಿದೆ. “ನಾನೇ ತೆಗೆದುಕೊಂಡಿದ್ದೇನಲ್ಲ, ಸೀಲು ಯಾಕೆ?” ಎಂದ ಹುಡುಗ. ನಾಳೆ ನಿಮಗೆ ವರ್ಗವಾದರೆ ಎಂದೆ. ನಗುತ್ತಾ ಒತ್ತಿಕೊಟ್ಟ. ಸ್ವೀಕೃತಿ ಇಲ್ಲದ ಅರ್ಜಿಯನ್ನು ಕೊಟ್ಟೇ ಇಲ್ಲವೆಂದು ಲೆಕ್ಕ ಹಾಕುವವಳು ನಾನು. ಹಿಂದೆ ದೂರದ ಕಚೇರಿಗಾದರೆ ರಿಜಿಸ್ಟರ್ ಅಂಚೆ ಹಾಕಿ ಸ್ವೀಕೃತಿ ಚೀಟಿಗೆ ಕಾಯುತ್ತಿದ್ದೆವು. 2025ರಲ್ಲಿ ಅದು ಸ್ಪೀಡ್ ಪೋಸ್ಟ್‌ನೊಳಗೆ ಸೇರಿಹೋಯಿತು; ಅಂಚೆ ಕಚೇರಿಗೆ ಬರುವವರು ಮಾತ್ರ ಈಗಲೂ “ರಿಜಿಸ್ಟರ್ ಮಾಡಿ” ಎಂದೇ ಹೇಳುತ್ತಾರೆ.

ಸರ್ಕಾರಿ ಕಾಗದ ಎಂದೊಡನೆ ನಾವು ಕೈಮುಗಿದು ನಿಲ್ಲುವುದು ಯಾಕೆ ಎಂದು ಯೋಚಿಸುತ್ತಿದ್ದೇನೆ. ನಾವೆಲ್ಲ ಬರೆದ ಮೊದಲ ಅರ್ಜಿ ಶಾಲೆಯ ರಜಾ ಅರ್ಜಿ. ಜ್ವರ ಬಂದಿದೆ, ದಯವಿಟ್ಟು ರಜೆ ಕೊಡಬೇಕು, ತಮ್ಮ ವಿಧೇಯ ವಿದ್ಯಾರ್ಥಿ. ಜ್ವರ ಬಂದವನು ಹೇಗೂ ಮನೆಯಲ್ಲೇ ಮಲಗಿರುತ್ತಾನೆ, ಆದರೂ ಬೇಡಬೇಕು. ಅಲ್ಲಿ ಕಲಿತ ಬಾಗುವಿಕೆ ಬೆನ್ನಿನಿಂದ ಹೋಗುವುದೇ ಇಲ್ಲ. 2011ರ ಸಕಾಲ ಕಾಯ್ದೆ ಬಂದ ಮೇಲೆ ಹಲವು ಸೇವೆಗಳಿಗೆ ಗಡುವು ಇದೆ, ಅರ್ಜಿಗೆ ಸಂಖ್ಯೆ ಇದೆ, ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರವೂ ಇದೆ. ಮಾಹಿತಿ ಹಕ್ಕಿನ ಅರ್ಜಿಗಂತೂ ನಮ್ಮ ರಾಜ್ಯದ ನಿಯಮ ಪದಗಳನ್ನೇ ಎಣಿಸಿದೆ: ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. ಮೇಷ್ಟ್ರಿಗೆ ಅಷ್ಟು ಪದ ಪೀಠಿಕೆಗೇ ಸಾಲದು. ಆನೆಗಳು ನುಗ್ಗಿದಾಗ ವಲಯ ಅರಣ್ಯಾಧಿಕಾರಿಗೆ ಅವರು ಬರೆದುಕೊಟ್ಟ ಅರ್ಜಿಯೊಂದರಲ್ಲಿ ಗಜಪಡೆಯ ರುದ್ರನರ್ತನವಿತ್ತು. ಎಷ್ಟು ಕಾಫಿ ಗಿಡ ಮುರಿದಿವೆ, ಯಾವ ಸರ್ವೆ ನಂಬರು ಎಂಬುದಿರಲಿಲ್ಲ. ಗಿಡದ ಲೆಕ್ಕದಲ್ಲಿ ಪರಿಹಾರ ಕೊಡುವ ಇಲಾಖೆ ನರ್ತನಕ್ಕೆ ಎಷ್ಟು ಕೊಟ್ಟೀತು?

ಮೇಷ್ಟ್ರನ್ನು ಇಷ್ಟೆಲ್ಲ ಗೇಲಿ ಮಾಡಿದರೂ 2018ರ ಆಗಸ್ಟ್ ನೆನಪಾದಾಗ ನನ್ನ ಬಾಯಿ ಕಟ್ಟುತ್ತದೆ. ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಗುಡ್ಡಗಳು ಜಾರಿ ಮನೆಗಳೇ ಮಣ್ಣಿನಡಿ ಹೋದಾಗ ಕಾಗದಪತ್ರಗಳೂ ಮನೆಗಳ ಜೊತೆಗೇ ಹೋದವು. ಉಟ್ಟ ಬಟ್ಟೆಯಲ್ಲಿ ಹೊರಬಂದವರ ಪಕ್ಕದಲ್ಲಿ ಕುಳಿತು ಮೇಷ್ಟ್ರು ಅರ್ಜಿ ಬರೆದುಕೊಟ್ಟರು. ಲಗತ್ತಿಸಲು ಪಹಣಿ ಇಲ್ಲ, ಪಡಿತರ ಚೀಟಿ ಇಲ್ಲ. ಮನೆ ಎಲ್ಲಿತ್ತು, ಅಂಗಳದಲ್ಲಿ ಯಾವ ಮರವಿತ್ತು, ಪಕ್ಕದಲ್ಲಿ ಯಾರಿದ್ದರು ಎಂದು ಕಥೆಯಾಗಿಯೇ ಹೇಳಬೇಕಿತ್ತು. ಆಗ ಆ ಕಥೆಯೇ ದಾಖಲೆ. ಅಂಥ ಅರ್ಜಿಗಳನ್ನು ಬರೆದ ಕೈಗೆ ಖಾತೆ ಸಂಖ್ಯೆ ನೀರಸವೆನಿಸಿದರೆ ನಾನು ತಕರಾರು ಮಾಡುವುದಾದರೂ ಹೇಗೆ?

ಅದಕ್ಕೇ ಅಕ್ಕನ ಆ ಮಾತು ಬಿಡದೆ ಕಾಡುತ್ತಿದೆ. “ಎಲ್ಲ ಬರೆದಿದೆಯಲ್ಲ ಸರ್!” ಅವರ ಗಂಡನ ಬಗ್ಗೆ ಲೋಕದಲ್ಲಿ ಯಾರಾದರೂ ಎರಡು ಪುಟ ಬರೆದದ್ದು ಅದೇ ಮೊದಲು, ಬಹುಶಃ ಅದೇ ಕೊನೆ. ಪತ್ರಿಕೆಯ ನಿಧನ ವಾರ್ತೆಯಲ್ಲಿ ಹೆಸರು, ವಯಸ್ಸು, ಊರು ಬಂದಿದ್ದವು, ಅಷ್ಟೇ. ಮನೆಯಲ್ಲಿ ನಮ್ಮ ಕಡೆಯ ಆಡುನುಡಿಯಾದ ಅರೆಭಾಷೆ ಆಡಿಕೊಂಡು ಬದುಕಿದ ಮನುಷ್ಯನ ಬಾಳು ಪುಸ್ತಕದ ಕನ್ನಡದಲ್ಲಿ, ಅಷ್ಟು ಚೆಂದದ ಅಕ್ಷರದಲ್ಲಿ ಹಾಳೆಯ ಮೇಲೆ ಕುಳಿತಿದ್ದನ್ನು ಕಂಡು ಅಕ್ಕ ಹೆಮ್ಮೆಯಿಂದ ಹೊತ್ತು ತಂದಿದ್ದರು. ಅದನ್ನು ಒಬ್ಬ ಅಧಿಕಾರಿ ಓದಲಿ ಎಂಬುದೂ ಅವರ ಬೇಡಿಕೆಯಲ್ಲಿ ಸೇರಿತ್ತು. ಅಂಥ ಬೇಡಿಕೆಗೆ ಯಾವ ನಮೂನೆಯಲ್ಲೂ ಕಾಲಂ ಇಲ್ಲ, ಇರಬೇಕೆಂದು ವಾದಿಸುವವಳೂ ನಾನಲ್ಲ; ಸಂಜೆಯೊಳಗೆ ರಾಶಿ ಕಾಗದ ನೋಡಬೇಕಾದ ಹುಡುಗ ಪ್ರತಿಯೊಬ್ಬರ ಸಾವನ್ನೂ ಓದಿ ಕಣ್ಣು ಒರೆಸಿಕೊಳ್ಳುತ್ತಾ ಕುಳಿತರೆ ಯಾರ ಹಣವೂ ಹೊರಗೆ ಬರುವುದಿಲ್ಲ. ಈಗಲೂ ಕೇಳಿದರೆ ನಾನು ಆ ನಾಲ್ಕು ಸಾಲನ್ನೇ ಬರೆಯುತ್ತೇನೆ. ಆದರೂ ಅದನ್ನು ಬರೆದದ್ದಕ್ಕೆ ಅಕ್ಕ ನನಗೆ ಇನ್ನೂ ಪೂರ್ತಿ ಮನ್ನಿಸಿಲ್ಲ ಎಂದು ಗೊತ್ತು.

ಗುರುವಾರ ಮೇಷ್ಟ್ರೇ ಮನೆಗೆ ಬಂದರು. ವಿಷಯ ಮುಟ್ಟಿತ್ತು. ನನ್ನ ಅರ್ಜಿಯ ಸೀಲು ಬಿದ್ದ ಪ್ರತಿಯನ್ನು ಅಕ್ಕನಿಂದ ಇಸಿದುಕೊಂಡು ಓದಿದ್ದರು.

“ಇದರಲ್ಲಿ ಮನುಷ್ಯರೇ ಇಲ್ಲವಲ್ಲ” ಎಂದರು.

“ಖಾತೆ ಸಂಖ್ಯೆ ಇದೆ ಮೇಷ್ಟ್ರೇ” ಎಂದೆ.

ನಗಲಿಲ್ಲ. ಬೆಲ್ಲದ ಕಾಫಿ ಕುಡಿದ ಮೇಲೆ ಜೇಬಿನಿಂದ ಒಂದು ಹಾಳೆ ತೆಗೆದರು. ಅವರ ಮನೆಯ ಮುಂದಿನ ವಿದ್ಯುತ್ ಕಂಬ ಮಳೆಗೆ ವಾಲಿದೆ. ಚೆಸ್ಕಾಂ ಕಚೇರಿಗೆ ಕೊಡಬೇಕಾದ ಅರ್ಜಿ ಅದು. ಮೇಲೆಯೇ ವಿಷಯ, ಅದರ ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದು ವಿದ್ಯುತ್ ಸಂಪರ್ಕದ ಆರ್‌ಆರ್ ನಂಬರು. ಕಂಬದ ಸಂಖ್ಯೆಯೂ ಇತ್ತು, ಯಾವ ದಿನ ವಾಲಿತು ಎಂಬುದೂ ಇತ್ತು. ಅದರ ಕೆಳಗೆ ಮೂರು ಪ್ಯಾರಾ: ಕಂಬ ನೆಟ್ಟ ವರ್ಷ ಊರಿಗೆ ಮೊದಲು ಬೆಳಕು ಬಂದದ್ದು, ಆ ರಾತ್ರಿ ಅವರ ತಾಯಿ ಬಲ್ಬನ್ನು ಊದಿ ಆರಿಸಲು ನೋಡಿದ್ದು, ಇತ್ಯಾದಿ. ಇವು ಬೇಡ ಎಂದೆ. ಸಾಕಷ್ಟು ಚರ್ಚೆಯ ಮೇಲೆ ಒಂದು ಪ್ಯಾರಾ ತೆಗೆಯಲು ಒಪ್ಪಿದ್ದಾರೆ. ಯಾವುದನ್ನು ತೆಗೆಯಬೇಕು ಎಂಬ ಜಗಳ ಇನ್ನೂ ಮುಗಿದಿಲ್ಲ.