ಗೊರೂರು ಹಿನ್ನೀರಿಗೆ ಗಾಳ ಹಿಡಿದು ಹೊರಡುವ ಮುಂಚೆ ನಿಮ್ಮ ರೀಲ್ ಬಿಚ್ಚಿ ನೋಡಿ

ಜನವರಿ ಕೊನೆಯ ವಾರ ನಾನು ಮತ್ತು ನಮ್ಮ ಭಾವ ಹಾಸನದ ಹತ್ತಿರ ಹೇಮಾವತಿ ಹಿನ್ನೀರಿಗೆ ಗಾಳ ಹಾಕಲು ಹೋಗಿದ್ದೆವು. ನಾಲ್ಕು ದಿನ ಇದ್ದೆವು. ಗೊರೂರು ಅಣೆಕಟ್ಟು ಹೇಗಿದೆ, ಶೆಟ್ಟಿಹಳ್ಳಿ ಚರ್ಚು ಎಷ್ಟು ಚೆಂದ ಅನ್ನುವುದನ್ನೆಲ್ಲ ತುಂಬ ಜನ ಬರೆದಿದ್ದಾರೆ, ಅದು ಇಲ್ಲಿಲ್ಲ. ಬೆಂಗಳೂರಿನ ಒಂದು ಅಂಗಡಿಯಲ್ಲಿ 900 ರೂಪಾಯಿ ಕೊಟ್ಟು ‘ಫುಲ್ ಸರ್ವಿಸ್’ ಮಾಡಿಸಿಕೊಂಡು ಹೋದ ರೀಲು, ಅಂದರೆ ಗಾಳದ ದಾರ ಸುತ್ತುವ ಯಂತ್ರ, ಮೊದಲ ದಿನದ ಒಳ್ಳೆಯ ಮೀನನ್ನೇ ಕಳೆಯಿತು. ಆ ಸಿಟ್ಟಿಗೆ ಬರೆಯುತ್ತಿದ್ದೇನೆ. ಇದೇ ಕಡೆ ಹೋಗುವವರಿಗೆ ಹಾಗಾಗದಿರಲಿ.

ನಮ್ಮಲ್ಲಿ ಬಹಳ ಜನ ಈ ಹವ್ಯಾಸ ಕಲಿತಿರುವುದು ಅಮೆರಿಕದ ಬಾಸ್ ಮೀನಿನ ವಿಡಿಯೊ ನೋಡಿ. ಎಸೆದಾಗ ದಾರದ ಸ್ಪೂಲೇ ತಿರುಗುವ ಬೇಟ್‌ಕಾಸ್ಟಿಂಗ್ ರೀಲು, ಎಳೆ ಹೆಣೆದು ಮಾಡಿದ ಬ್ರೇಡ್ ದಾರ, ಗಾಳಕ್ಕೆ ಕಟ್ಟುವ ರಬ್ಬರ್ ಕಪ್ಪೆ, ಎಲ್ಲ ಅಲ್ಲಿಂದಲೇ ಬಂದದ್ದು. ಆ ಲಾರ್ಜ್‌ಮೌತ್ ಬಾಸ್ ನಮ್ಮ ಹೊಳೆ ಕೆರೆಯ ಮೀನಲ್ಲ. ಆದರೆ ನಮ್ಮ ಕೊರವ ಮೀನು ಇದೆಯಲ್ಲ, ಹಾವಿನ ತಲೆಯ ಮೀನು, ಅದರ ಸ್ವಭಾವವೂ ಸುಮಾರು ಅದೇ. ಜೊಂಡು, ಪಾಚಿ, ಮುಳುಗಿದ ಮರದ ಬುಡದಲ್ಲಿ ಅಡಗಿ ಕೂರುತ್ತದೆ. ತಲೆಯ ಮೇಲೆ ಏನಾದರೂ ಹಾದುಹೋದರೆ ಹಾರಿ ಹಿಡಿಯುತ್ತದೆ. ಹಾಗಾಗಿ ಬಾಸ್ ಸಾಮಾನು ಇಲ್ಲಿ ಚೆನ್ನಾಗಿಯೇ ನಡೆಯುತ್ತದೆ. ದಾರ ಮಾತ್ರ ದಪ್ಪ ಇರಲಿ, 40ರಿಂದ 50 ಪೌಂಡಿನ ಬ್ರೇಡ್, ಅಂದರೆ ಅಷ್ಟು ಭಾರ ತಡೆಯುವಂಥದ್ದು. ಕೊರವಕ್ಕೆ ಹಲ್ಲಿದೆ, ಕಚ್ಚಿದ ಕೂಡಲೇ ಜೊಂಡಿನೊಳಗೆ ನುಗ್ಗುತ್ತದೆ, ಅಲ್ಲಿಂದ ಎಳೆದು ತರಬೇಕಲ್ವಾ.

ಮೊದಲ ದಿನ ಬೆಳಿಗ್ಗೆ ಆರೂವರೆಗೇ ದಡದಲ್ಲಿದ್ದೆವು. ಮಂಜು ಎಷ್ಟಿತ್ತೆಂದರೆ ಹತ್ತು ಮಾರು ಆಚೆಗೆ ನೀರು ಕಾಣುತ್ತಿರಲಿಲ್ಲ. ಎರಡು ಗಂಟೆ ಏನೂ ಇಲ್ಲ. ಎಂಟೂವರೆ ಹೊತ್ತಿಗೆ ಜೊಂಡಿನ ಅಂಚಿನಲ್ಲಿ ನನ್ನ ರಬ್ಬರ್ ಕಪ್ಪೆ ಹಾದುಬರುವಾಗ ಬಕೆಟ್ ಎತ್ತಿಹಾಕಿದಂಥ ಸದ್ದಾಯಿತು. ಒಂದು ಎರಡು ಎಣಿಸಿದೆ, ದಾರ ಪಕ್ಕಕ್ಕೆ ಸರಿಯಿತು, ಜೋರಾಗಿ ಎಳೆದೆ. ರಾಡು ಬಾಗಲಿಲ್ಲ. ರೀಲಿನ ಹಿಡಿಕೆ ಹಿಂದಕ್ಕೆ ಗಿರ್ರನೆ ತಿರುಗಿ ನನ್ನ ಬೆರಳಿಗೆ ಹೊಡೆಯಿತು. ದಾರ ಸಡಿಲವಾಯಿತು. ಮೀನು ಹೋಯಿತು.

ಹಿಡಿಕೆ ಹಿಂದಕ್ಕೆ ತಿರುಗಲೇಬಾರದು. ಅದನ್ನು ತಡೆಯುವುದಕ್ಕೇ ಒಳಗೆ ಒಂದು ಬೇರಿಂಗ್ ಇರುತ್ತದೆ, ಒಂದೇ ಕಡೆಗೆ ತಿರುಗುವಂಥದ್ದು. ಅದರಲ್ಲಿ ಸೂಜಿಯಂಥ ಸಣ್ಣ ಸಣ್ಣ ಉರುಳೆಗಳು. ಹಿಂದಕ್ಕೆ ತಿರುಗಿಸಿದರೆ ಅವು ಮಧ್ಯದ ಉಕ್ಕಿನ ಕೊಳವೆಯನ್ನು ಅಮುಕಿ ಹಿಡಿಯುತ್ತವೆ. ಅಲ್ಲಿ ಗ್ರೀಸ್ ಜಾಸ್ತಿಯಾದರೆ ಹಿಡಿತ ಸಿಗುವುದಿಲ್ಲ, ಜಾರುತ್ತವೆ. ಚಳಿಗೆ ಗ್ರೀಸ್ ಗಟ್ಟಿಯಾದಾಗ ಇನ್ನೂ ಕಷ್ಟ, ಉರುಳೆಗಳು ಅಲ್ಲೇ ಅಂಟಿಕೊಂಡು ಕೂತುಬಿಡುತ್ತವೆ. ಮನೆಯಲ್ಲಿ ಮಧ್ಯಾಹ್ನದ ಬಿಸಿಲಲ್ಲಿ ತಿರುಗಿಸಿ ನೋಡಿದಾಗ ಸರಿಯಾಗಿಯೇ ಇತ್ತು. ಗೊರೂರಿನ ಮಂಜಿನಲ್ಲಿ ಕೈಕೊಟ್ಟಿತು. ಹನ್ನೊಂದು ಗಂಟೆಗೆ ಬಿಸಿಲು ಏರಿದ ಮೇಲೆ ಮತ್ತೆ ಸರಿಯಾಯಿತು, ಅದಕ್ಕೇ ಭಾವ ಮೊದಲು ನನ್ನ ಮಾತು ನಂಬಲಿಲ್ಲ. ಮರುದಿನ ಬೆಳಿಗ್ಗೆ ಅವರೇ ಹಿಡಿದು ನೋಡಿ, ‘ಬಿಚ್ಚೇ ನೋಡ್ಬೇಕು ಕಣೋ ಇದನ್ನ’ ಅಂದರು.

ಬಿಚ್ಚಿದ್ದು ಹಾಸನ ಬಸ್ ನಿಲ್ದಾಣದ ಹತ್ತಿರದ ಲಾಡ್ಜ್ ಕೋಣೆಯಲ್ಲಿ. ಆ ಕೋಣೆಯ ಬಗ್ಗೆಯೂ ಹೇಳಬೇಕು. ಫೋನಿನಲ್ಲಿ 1,100 ಎಂದವರು ನಾವು ಬ್ಯಾಗ್ ಇಳಿಸಿದ ಮೇಲೆ ವಾರದ ಕೊನೆ ಅಂತ 1,800 ಮಾಡಿದರು. ಅವತ್ತು ಗುರುವಾರ. ಬಿಸಿನೀರು ಬೆಳಿಗ್ಗೆ ಏಳರ ಮೇಲೆ, ಅಷ್ಟೊತ್ತಿಗೆ ನಾವು ಹೊರಗಿರುತ್ತಿದ್ದೆವು. ಹಾಸಿಗೆ ಗಿಡ್ಡ, ಒಂದೇ ದೀಪ, ಅದೂ ಮಂಕು. ರಾಡು ಒದ್ದೆ ಎಂದು ಒಳಗೆ ತರಲೂ ತಕರಾರು ಮಾಡಿದರು. ದುಡ್ಡು ಕೊಡುವ ಮುಂಚೆ ಎಷ್ಟು ರಾತ್ರಿಗೆ ಎಷ್ಟು ಎಂದು ಮೆಸೇಜಿನಲ್ಲಿ ಬರೆಸಿಕೊಳ್ಳಿ. ನಾವು ಬರೆಸಿಕೊಂಡಿರಲಿಲ್ಲ.

ಒಂದು ಸ್ಟೀಲ್ ತಟ್ಟೆ ಕೇಳಿ ತಂದು, ಅದರ ಮೇಲೆ ಬಿಳಿ ಪಂಚೆ ಹಾಸಿ, ಮೊಬೈಲ್ ಟಾರ್ಚ್ ಹಿಡಿದು ಕೂತೆವು. ಪ್ರತಿ ಭಾಗ ತೆಗೆಯುವ ಮುಂಚೆ ಒಂದು ಫೋಟೊ. ಇದು ಮರೆಯಬೇಡಿ. ಹಿಡಿಕೆಯ ನಟ್ಟು, ಹಿಡಿಕೆ, ನಕ್ಷತ್ರದಂಥ ಡ್ರ್ಯಾಗ್ ಚಕ್ರ (ಮೀನು ಎಳೆದಾಗ ದಾರ ಎಷ್ಟು ಬಿಗಿಯಲ್ಲಿ ಬಿಡಬೇಕೆಂದು ಹೊಂದಿಸುವುದು ಇದರಲ್ಲೇ), ಅದರ ಕೆಳಗಿನ ಬಟ್ಟಲಿನಂಥ ಎರಡು ವಾಷರ್. ಆ ವಾಷರ್‌ಗಳು ಯಾವ ಕಡೆ ಮುಖ ಮಾಡಿದ್ದವೋ ಹಾಗೆಯೇ ವಾಪಸ್ ಹೋಗಬೇಕು, ತಿರುವುಮುರುವಾದರೆ ಡ್ರ್ಯಾಗ್ ಸರಿಯಾಗಿ ಬಿಗಿಯುವುದಿಲ್ಲ. ಆಮೇಲೆ ಪಕ್ಕದ ಮುಚ್ಚಳದ ಸ್ಕ್ರೂಗಳು. ಮುಚ್ಚಳವನ್ನು ನಿಧಾನ ಎತ್ತಿ, ಒಳಗೆ ಎರಡು ಪುಟ್ಟ ಸ್ಪ್ರಿಂಗ್ ಇರುತ್ತವೆ, ಚಿಮ್ಮಿದರೆ ಹುಡುಕುವುದು ಕಷ್ಟ. ನಮ್ಮದು ಒಂದು ಚಿಮ್ಮಿತು. ಮಂಚದ ಕೆಳಗೆ ಅರ್ಧ ಗಂಟೆ ತಡಕಾಡಿದ ಮೇಲೆ ಭಾವನ ಚಪ್ಪಲಿಯೊಳಗೆ ಸಿಕ್ಕಿತು.

ಮುಚ್ಚಳ ತೆಗೆದು ನೋಡಿದರೆ ಒಳಗೆಲ್ಲ ಕಪ್ಪು ಗ್ರೀಸ್. ಎತ್ತಿನಗಾಡಿಯ ಅಚ್ಚಿಗೆ ಕೀಲೆಣ್ಣೆ ಬಳಿದ ಹಾಗೆ. ಒಂದೇ ಗ್ರೀಸನ್ನು ಗೇರಿಗೂ, ಬೇರಿಂಗಿಗೂ, ಆ ಒಂದು ಕಡೆ ತಿರುಗುವ ಬೇರಿಂಗಿಗೂ ತುಂಬಿದ್ದರು. ಹಳೆಯದನ್ನು ತೆಗೆದೇ ಇಲ್ಲ, ಅದರ ಮೇಲೇ ಹೊಸದು. ಮರಳಿನ ಕಣ ಬೆರಳಿಗೆ ಸಿಗುತ್ತಿತ್ತು. 900 ರೂಪಾಯಿ ತೆಗೆದುಕೊಂಡವರು ಹಳೆಯದನ್ನು ಒರೆಸುವಷ್ಟಾದರೂ ಮಾಡಬೇಕಿತ್ತು.

ಮೆಡಿಕಲ್ ಶಾಪಿನಿಂದ ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಕಿವಿಗೆ ಹಾಕುವ ಹತ್ತಿ ಕಡ್ಡಿ ತಂದೆವು. ಕಿಟಕಿ ತೆರೆದಿಟ್ಟು, ಆ ಉರುಳೆಗಳ ಮಧ್ಯೆ ಹತ್ತಿ ಬಿಳಿಯಾಗಿಯೇ ಬರುವ ತನಕ ಒರೆಸಿದೆವು, ಉಕ್ಕಿನ ಕೊಳವೆಯನ್ನೂ ಒರೆಸಿದೆವು. ಒಣಗಿದ ಮೇಲೆ ತೆಳು ಎಣ್ಣೆ ಒಂದೇ ಒಂದು ಹನಿ, ಅದೂ ಸೂಜಿ ತುದಿಯಿಂದ. ಗೇರಿನ ಹಲ್ಲಿಗೆ ಹಳೆಯ ಗ್ರೀಸ್ ತೆಗೆದು ಹೊಸದನ್ನು ತೆಳ್ಳಗೆ ಸವರಿದೆವು. ದಾರ ಸುತ್ತಿಕೊಳ್ಳುವ ಸ್ಪೂಲಿನ ಬೇರಿಂಗಿಗೆ ಗ್ರೀಸ್ ಹಾಕಬಾರದು, ಎಸೆತ ಹತ್ತಿರಕ್ಕೇ ಬೀಳುತ್ತದೆ. ಅಲ್ಲಿಗೂ ತೆಳು ಎಣ್ಣೆ, ಒಂದೊಂದು ಹನಿ. ದಾರವನ್ನು ಅತ್ತಿತ್ತ ಓಡಿಸುವ ಸುರುಳಿ ಕಡ್ಡಿ ಇದೆಯಲ್ಲ, ಅದರ ಗೆರೆಗಳಲ್ಲಿ ಪಾಚಿ ಒಣಗಿ ಕೂತಿತ್ತು, ಹಳೆಯ ಹಲ್ಲುಜ್ಜುವ ಬ್ರಶ್‌ನಿಂದ ತೆಗೆದೆವು. ಡ್ರ್ಯಾಗಿನ ಕಾರ್ಬನ್ ವಾಷರ್‌ಗಳನ್ನು ಮುಟ್ಟಲಿಲ್ಲ. ಅವಕ್ಕೆ ಡ್ರ್ಯಾಗಿಗೇ ಅಂತ ಬರುವ ಗ್ರೀಸ್ ಬೇಕು, ನಮ್ಮ ಹತ್ತಿರ ಇರಲಿಲ್ಲ. ಬೇರೆ ಎಣ್ಣೆ ತಾಗಿಸಿದರೆ ಡ್ರ್ಯಾಗ್ ದಾರವನ್ನು ಸರಾಗವಾಗಿ ಬಿಡದೆ ತಡೆದು ತಡೆದು ಬಿಡುತ್ತದೆ. ಎಲ್ಲ ಸೇರಿ ಎರಡೂವರೆ ಗಂಟೆ. ಖರ್ಚು ಇನ್ನೂರು ರೂಪಾಯಿಯೂ ಆಗಲಿಲ್ಲ.

ಪ್ರತಿ ಸಂಜೆ ಮಾಡುವ ಕೆಲಸ ಇನ್ನೂ ಸುಲಭ. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣ ಬಟ್ಟೆಯಲ್ಲಿ ಒರೆಸಿ, ಡ್ರ್ಯಾಗ್ ಪೂರ್ತಿ ಸಡಿಲಿಸಿ ಇಡಿ. ಬಿಗಿಯಾಗಿಯೇ ಬಿಟ್ಟರೆ ಒಳಗಿನ ವಾಷರ್‌ಗಳು ಒತ್ತಿಕೊಂಡು ಹಾಳಾಗುತ್ತವೆ. ನಲ್ಲಿ ಜೋರಾಗಿ ಬಿಟ್ಟು ತೊಳೆಯಬೇಡಿ, ಹೊರಗಿನ ಮರಳೆಲ್ಲ ಒಳಗೆ ಹೋಗುತ್ತದೆ. ದಡದಲ್ಲಿ ರೀಲನ್ನು ಮಣ್ಣಿನ ಮೇಲೆ ಇಡಲೇಬೇಡಿ. ಹಿನ್ನೀರು ಇಳಿದ ಜಾಗದ ಮಣ್ಣು ಹಿಟ್ಟಿನಷ್ಟು ನುಣುಪು, ಎಲ್ಲಿ ಬೇಕಾದರೂ ನುಗ್ಗುತ್ತದೆ.

ಬಸ್ಸಿನ ವಿಷಯ. ಹಾಸನದಿಂದ ಗೊರೂರು ಹತ್ತಿರವೇ, ಆದರೆ ನಾವು ಹತ್ತಿದ ಒಂದು ಖಾಸಗಿ ಬಸ್ಸಿನಲ್ಲಿ ರಾಡ್ ನೋಡಿ ಲಗೇಜ್ ಚಾರ್ಜ್ ಕೇಳಿದರು, ಕೊಟ್ಟೆವು, ಕೊಟ್ಟ ಮೇಲೂ ಟಾಪಿಗೆ ಹಾಕಿ ಅದರ ಮೇಲೆ ಈರುಳ್ಳಿ ಮೂಟೆ ಏರಿಸಿದರು. ಭಾವನ ಏಳಡಿ ರಾಡಿನ ತುದಿ ಮುರಿಯಿತು. ಒಂದೇ ತುಂಡಿನ ರಾಡು ಬಸ್ಸಿಗೆ ಆಗಿಬರುವುದಿಲ್ಲ. ಎರಡು ತುಂಡಿನದು ತನ್ನಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಮೂರಿಂಚಿನ ಪಿವಿಸಿ ಪೈಪು, ಎರಡು ಮುಚ್ಚಳ ತಗೊಂಡು ರಾಡಿಗೆ ಹಳೆಯ ಟವೆಲ್ ಸುತ್ತಿ ಅದರೊಳಗೆ ಇಡಿ. ಕಾಲ ಮಧ್ಯೆ ನಿಲ್ಲಿಸಿಕೊಂಡರೆ ಯಾರೂ ಏನೂ ಅನ್ನುವುದಿಲ್ಲ.

ಊಟದ ಬಗ್ಗೆ ಬರೆಯದೆ ಮುಂದೆ ಹೋಗಲಾರೆ. ಗೊರೂರು ರಸ್ತೆಯ ಪಕ್ಕ ಒಂದು ಶೀಟಿನ ಮನೆ, ಮುಂದೆ ಎರಡು ಬೆಂಚು, ಬೋರ್ಡು ಇಲ್ಲ. ಗಂಡ ಹೆಂಡತಿ ನಡೆಸುತ್ತಾರೆ. ಬೆಳಿಗ್ಗೆ ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ರೊಟ್ಟಿ ಕೈಯಲ್ಲಿ ತಟ್ಟಿ ಕೆಂಡದ ಮೇಲೆ ಸುಟ್ಟದ್ದು, ಮೇಲೊಂದು ಚೂರು ಬೆಣ್ಣೆ, ಹುಚ್ಚೆಳ್ಳಿನ ಆ ಒಗರು ಘಮ ಬೇರೆ ಯಾವ ಚಟ್ನಿಗೂ ಇಲ್ಲ. ಮಧ್ಯಾಹ್ನ ಮುದ್ದೆ, ಅವರೆಕಾಳು ಸಾರು. ಜನವರಿ ಅಂದರೆ ಸೊಗಡಿನ ಅವರೆ, ಅಲ್ವಾ. ಮುದ್ದೆ ಮುರಿದು ಸಾರಿಗೆ ಅದ್ದಿದರೆ ಗಂಟಲಲ್ಲಿ ಹಾಗೇ ಇಳಿಯುತ್ತದೆ. ಎರಡನೇ ದಿನ ಜಿಲೇಬಿ ಮೀನಿನ ಸಾರು ಮಾಡಿದ್ದರು, ಹುಣಸೆ ಹುಳಿ ಮುಂದು, ಖಾರ ಹಿಂದೆ. ನಾನು ಎರಡು ಮುದ್ದೆ ಹೊಡೆದೆ. ‘ಇನ್ನೊಂದು ಹಾಕ್ಲಾ ಅಣ್ಣ, ಚಳಿಗೆ ಒಳ್ಳೇದು’ ಅಂತ ಅಕ್ಕ ಕೇಳುತ್ತಲೇ ಇದ್ದರು. ಇಬ್ಬರ ಊಟ, ಮಜ್ಜಿಗೆ, ಎಲ್ಲ ಸೇರಿ 140 ರೂಪಾಯಿ. ಲಾಡ್ಜಿನ ಕೆಳಗೆ ಹಿಂದಿನ ರಾತ್ರಿ ತಿಂದ ಫ್ರೈಡ್ ರೈಸಿಗೆ 320 ಕೊಟ್ಟಿದ್ದೆವು. ಎರಡು ಗಂಟೆಯ ಮೇಲೆ ಹೋದರೆ ಮುದ್ದೆ ಮುಗಿದಿರುತ್ತದೆ, ನೆನಪಿರಲಿ.

ಅದೇ ಬೆಂಚಿನಲ್ಲಿ ಪಕ್ಕ ಕೂತಿದ್ದ ಹರಿಗೋಲಿನ ಹಿರಿಯರೊಬ್ಬರು ನಮ್ಮ ರಾಡಿನ ಪೈಪು ನೋಡಿ ವಿಚಾರಿಸಿದರು. ಅವರು ಹೇಳಿದ್ದೇ ನಮ್ಮ ಪ್ರವಾಸ ಉಳಿಸಿದ್ದು. ‘ಈ ಚಳೀಲಿ ನಸುಕಿಗೆ ಯಾಕ್ ಬರ್ತೀರಪ್ಪ? ಬಿಸ್ಲು ಬಂದ್ಮೇಲೆ ಬನ್ನಿ, ಮಂಡಿಯುದ್ದ ನೀರಿರೋ ಕಡೆ ಬರ್ತದೆ ಕೊರ್ವ.’ ಯೋಚಿಸಿದರೆ ಸರಿಯೇ. ತಣ್ಣೀರಲ್ಲಿ ಈ ಮೀನು ಮಂಕಾಗಿರುತ್ತದೆ, ಹತ್ತು ಗಂಟೆ ಹೊತ್ತಿಗೆ ದಡದ ತೆಳು ನೀರು ಮೊದಲು ಬೆಚ್ಚಗಾಗುತ್ತದೆ. ಗಾಳಿಯನ್ನೂ ಉಸಿರಾಡುವ ಮೀನಾದ್ದರಿಂದ ಆಗಾಗ ಮೇಲೆ ಬಂದು ಗುಳಕ್ ಅನ್ನಿಸುತ್ತದೆ. ಆ ಗುಳ್ಳೆ ಎದ್ದ ಜಾಗ ನೋಡಿಕೊಂಡು ಅದರ ಆಚೆಗೆ ಎಸೆದು ನಿಧಾನ ಎಳೆದು ತರಬೇಕು, ತಲೆಯ ಮೇಲೇ ಎಸೆದರೆ ಹೆದರಿ ಹೋಗುತ್ತದೆ.

ಅವರೇ ಇನ್ನೊಂದು ಮಾತನ್ನೂ ಕೇಳಿದರು, ‘ಕೇಳಿ ಬಂದಿದೀರಾ?’ ಅಂತ. ಕೇಳಿಯೇ ಹೋಗಿದ್ದೆವು. ಜಲಾಶಯದಲ್ಲಿ ಮೀನು ಹಿಡಿಯುವುದು ಪರವಾನಗಿ ಇರುವವರ ಹೊಟ್ಟೆಪಾಡು. ಹಾಸನದ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ, ದಡದಲ್ಲಿ ಮೀನುಗಾರರನ್ನೂ ಕೇಳಿ. ಅಣೆಕಟ್ಟಿನ ಹತ್ತಿರ ಹೋಗಬೇಡಿ. ಬಲೆ ಬಿಟ್ಟಿರುವ ಕಡೆ ಎಸೆಯಬೇಡಿ, ನಿಮ್ಮ ಬ್ರೇಡ್ ಅವರ ಬಲೆಗೆ ಸುತ್ತಿದರೆ ಕತ್ತರಿಸಬೇಕಾಗುವುದು ಅವರ ಬಲೆಯನ್ನೇ. ಇದೇ ಸಾಮಾನು ಹಿಡಿದು ಚಿಕ್ಕಮಗಳೂರು ಕಡೆ ಭದ್ರಾ ಹಿನ್ನೀರಿಗೆ ಹೋಗೋಣ ಎಂದು ಆಸೆಪಡುವವರಿದ್ದಾರೆ. ಅಲ್ಲಿ ಹುಲಿ ಸಂರಕ್ಷಿತ ಕಾಡಿದೆ, ಆ ಯೋಚನೆ ಬಿಡಿ. ಅರಕಲಗೂಡು ತಾಲ್ಲೂಕಿನ ರಾಮನಾಥಪುರಕ್ಕೆ ಹೋದರೆ ಗಾಳ ಚೀಲದಲ್ಲೇ ಇರಲಿ, ಅಲ್ಲಿ ಕಾವೇರಿಯಲ್ಲಿರುವುದು ದೇವರ ಮೀನು, ಜನ ಪುರಿ ಹಾಕಿ ಸಾಕುತ್ತಾರೆ.

ಭಾನುವಾರ ಶೆಟ್ಟಿಹಳ್ಳಿ ಚರ್ಚಿನ ಕಡೆ ಹೋಗಿದ್ದು ತಪ್ಪಾಯಿತು. ನೀರು ಇಳಿಯುತ್ತಿತ್ತು, ಜಾಗ ಚೆನ್ನಾಗಿತ್ತು, ಆದರೆ ಮದುವೆ ಫೋಟೊ ತೆಗೆಯುವವರು, ಡ್ರೋನ್, ಹಾಡು ಹಾಕಿಕೊಂಡು ಬಂದ ಕಾರುಗಳು. ಹಿಂದೆ ಯಾರು ನಿಂತಿದ್ದಾರೆಂದು ನೋಡದೆ ರಾಡ್ ಬೀಸಿದರೆ ಕೊಕ್ಕೆ ಯಾರ ಕಣ್ಣಿಗೆ ಹೋಗುತ್ತದೋ. ಹತ್ತು ನಿಮಿಷಕ್ಕೆ ಎಲ್ಲ ಮಡಚಿ ವಾಪಸ್ ಬಂದೆವು. ಗದ್ದಲ ಸಹಿಸುವವರಾದರೂ ಗಾಳ ಹಿಡಿದು ಭಾನುವಾರ ಅಲ್ಲಿಗೆ ಬೇಡ.

ಕೊನೆಯ ದಿನ ಸೋಮವಾರ. ಹತ್ತು ಗಂಟೆಗೆ, ಹಿರಿಯರು ಹೇಳಿದ ಹಾಗೆ, ಜೊಂಡಿನ ಮಧ್ಯೆ ಮಂಡಿಯುದ್ದ ನೀರಿದ್ದ ಕಡೆ ನಿಂತೆವು. ಕಪ್ಪೆಯ ಎರಡು ಕೊಕ್ಕೆಗಳನ್ನು ಇಕ್ಕಳದಿಂದ ಸ್ವಲ್ಪವೇ ಹೊರಕ್ಕೆ ಬಗ್ಗಿಸಿದ್ದೆ, ಮೈಗೆ ತೀರಾ ಅಂಟಿಕೊಂಡಿದ್ದರೆ ಮೀನಿನ ಬಾಯಿಗೆ ಸಿಗುವುದಿಲ್ಲ. ಗಾಳಿ ಎದುರಿನಿಂದ ಬೀಸುತ್ತಿತ್ತು, ಸ್ಪೂಲ್ ಓಡಿ ದಾರ ಗೂಡು ಕಟ್ಟದಿರಲಿ ಎಂದು ಬ್ರೇಕ್ ಎರಡು ಅಂಕಿ ಏರಿಸಿದೆ. ಎಸೆತ ಗಿಡ್ಡವಾಯಿತು, ಪರವಾಗಿಲ್ಲ. ಆರನೆಯದೋ ಏಳನೆಯದೋ ಎಸೆತಕ್ಕೆ ಅದೇ ಬಕೆಟ್ ಸದ್ದು. ಎಣಿಸಿದೆ, ಎಳೆದೆ. ಈ ಸಲ ಹಿಡಿಕೆ ಕಲ್ಲಿನಂತೆ ನಿಂತಿತು, ರಾಡು ಬಾಗಿತು. ‘ಸಡ್ಲ ಬಿಡಬೇಡ್ವೋ’ ಅಂತ ಭಾವ ನೀರಿಗೇ ಇಳಿದುಬಂದರು. ಅಂದಾಜು ಒಂದೂವರೆ ಕೆಜಿಯ ಕೊರವ, ಬೆನ್ನು ಕಪ್ಪು, ಹೊಟ್ಟೆ ಬಿಳುಪು. ಕೈ ಒದ್ದೆ ಮಾಡಿಕೊಂಡು ಹಿಡಿದು, ಇಕ್ಕಳದಲ್ಲಿ ಕೊಕ್ಕೆ ಬಿಡಿಸಿ ನೀರಿಗೆ ಬಿಟ್ಟೆವು. ಮಳೆಗಾಲದಲ್ಲಿ ಹೋಗುವವರು ಒಂದು ನೋಡಿಕೊಳ್ಳಿ, ನೀರಿನ ಮೇಲೆ ಕೆಂಪು ಮರಿಗಳ ಗುಂಪು ಕಂಡರೆ ಅಲ್ಲಿಗೆ ಗಾಳ ಹಾಕಬೇಡಿ. ಕೆಳಗೆ ತಂದೆ ತಾಯಿ ಕಾವಲಿರುತ್ತವೆ, ಅವನ್ನು ಎತ್ತಿದರೆ ಮರಿಗಳನ್ನು ಬೇರೆ ಮೀನು ತಿಂದುಬಿಡುತ್ತವೆ.

ಮಧ್ಯಾಹ್ನ ಒಂದೂವರೆಗೆ ಅಕ್ಕನ ಹೋಟೆಲಿಗೆ ಓಡಿದೆವು. ಎರಡೇ ಮುದ್ದೆ ಉಳಿದಿತ್ತು.